ಕಿಂಗ್ ಪಿನ್

ಸೂರಿನ ಸನಾಯಾದಲ್ಲಿ ಖಲ್ಫಾನನ ಬೆಡ್‌ಫೋರ್ಡ್
ಮುಂದಿನ ಎರಡೂ ಗಾಲಿ ಕಳಚಿಕೊಂಡು
ಮರದ ದಿಮ್ಮಿಗಳ ಮೇಲೆ ಮೊಣಕಾಲೂರಿದೆ.
ನನಗಿಂತ ಮೂರು ವರ್ಷ ದೊಡ್ಡದು. ಹುಟ್ಟಿದಾಗಿನಿಂದ ಮೀನು ಹೊತ್ತದ್ದು.

ಮರಳುಗಾಡಿನಲ್ಲಿ ಎಲ್ಲಿಯ ತುಕ್ಕೋ ಎಂದು
ನಮ್ಮ ಹುಬ್ಬಳ್ಳಿಯವರು ನಗುತ್ತಾರೆ.
ಬಂದು ನೋಡಲಿ. ಐಸು ಕರಗಿದ ಉಪ್ಪುನೀರು
ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗೆಲ್ಲ ಚಾಸಿ ಹಿಡಿದು ಮುಂದಕ್ಕೆ ಹರಿದು
ಎಲ್ಲೆಲ್ಲಿ ಬೋಲ್ಟು ಬಾಯಿಬಿಟ್ಟಿದೆಯೋ ಅಲ್ಲಲ್ಲಿ ಮನೆ ಮಾಡಿದೆ.

ಯೂ-ಬೋಲ್ಟುಗಳನ್ನು ಗ್ಯಾಸಿನಲ್ಲಿ ಕೊಯ್ದೆವು.
ಶಾಕಲ್ ಪಿನ್ನುಗಳು ಬೈಸಿಕೊಂಡು ಬೈಸಿಕೊಂಡು ಬಂದವು.
ಟೈರಾಡಿನ ತುದಿ,
ನಾನೊಂದು ಕಡೆ ರುಹುಲ್ ಇನ್ನೊಂದು ಕಡೆ
ಒಂದೇ ಉಸಿರಿಗೆ ಸುತ್ತಿಗೆ ಬೀಸಿದಾಗ
ಬೆಚ್ಚಿಬಿದ್ದು ಕೈಬಿಟ್ಟಿತು.
ಎಡಗಡೆಯ ಕಿಂಗ್ ಪಿನ್ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹೊರಗೆ.

ಬಲಗಡೆಯದಕ್ಕೆ ಇದು ಮೂರನೇ ದಿನ.

ಕಾಟರ್ ತೆಗೆದಾಯಿತು. ಡೀಸೆಲ್ಲಿಗೆ ಬ್ರೇಕ್ ಆಯಿಲ್ ಬೆರೆಸಿ
ಎರಡು ರಾತ್ರಿ ಕುಡಿಸಿದ್ದಾಯಿತು.
ಕುಡಿಯಲಿಕ್ಕೆ ಬಾಯಾದರೂ ಎಲ್ಲಿ?
ಗ್ರೀಸ್ ನಿಪ್ಪಲ್ ಇರಬೇಕಾದ ತೂತಿಗೆ
ಯಾವನೋ ಬೋಲ್ಟು ಜಡಿದು ಮುಚ್ಚಿಬಿಟ್ಟಿದ್ದಾನೆ.
ರುಹುಲ್ ಅವನ ತಾಯಿಯನ್ನು ಸಿಲ್ಹೆಟಿಯಲ್ಲಿ ನೆನೆದ,
ನಾನು ಅವನ ತಂದೆಯನ್ನು ಕನ್ನಡದಲ್ಲಿ.

ಖಲ್ಫಾನ್ ಮೀನಿನ ಕ್ರೇಟು ಬೋರಲು ಹಾಕಿ ಕೂತು ಕಾವಾ ಹೀರುತ್ತಾನೆ.
ಫಿಂಜಾನು ಎತ್ತಿದ ಬಲಗೈ ಅರ್ಧಕ್ಕೇ ನಿಲ್ಲುತ್ತದೆ,
ತಲೆಯೇ ಬಗ್ಗಿ ಬಂದು ಅದನ್ನು ಭೇಟಿಯಾಗುತ್ತದೆ.
ಭುಜ ಸತ್ತಿದೆ, ವಯಸ್ಸು, ಎನ್ನುತ್ತಾನೆ.
ಗಾಡಿಗೂ ವಯಸ್ಸು, ಬಲಕ್ಕೆ ತಿರುಗಲೊಲ್ಲದು.
ಶ್ವೈ ಶ್ವೈ, ಎಂದು ನಮಗೇ ಸಮಾಧಾನ.

ಗಬ್ಬೂರ ಬೈಪಾಸಿನ ಶೆಡ್ಡಿನಲ್ಲಿ
ನನಗೆ ಪಾನಾ ಹಿಡಿಯಲು ಕಲಿಸಿದ ಪರಶುರಾಮಸಾ ಮೇಸ್ತ್ರಿ ಹೇಳುತ್ತಿದ್ದರು:
"ಮೊದಲನೇ ಏಟು ಕೇಳೂದಕ್ಕ ಹಾಕು ಮಾಬೂ, ಎರಡನೇದು ಹೇಳೂದಕ್ಕ."

ಕೇಳಿದೆ. ಠಣ್ ಎಂದಿತು. ಬಂಡೆಗಲ್ಲಿನ ಉತ್ತರ.
ಗ್ಯಾಸು ಹಚ್ಚಿ ಜ್ವಾಲೆಯನ್ನು
ಪಿನ್ನನ್ನು ಅಪ್ಪಿ ಹಿಡಿದ ಬೀಮಿನ ಕಣ್ಣಿಗೆ ಹಿಡಿದೆ.
ಹೊರಗೆ ನಲವತ್ತಾರು ಡಿಗ್ರಿ. ಒಳಗಿನದನ್ನು ಯಾರು ಅಳೆದರು.
ಹುಬ್ಬಿನ ಬೆವರು ಕಬ್ಬಿಣದ ಮೇಲೆ ಚುಂಯ್ ಎಂದು ಸಾಯುತ್ತದೆ.
ಕಪ್ಪು ಸರಿದು ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಂದಾಗ
"ಮಾರೋ" ಎಂದೆ.

ಠಣ್. ಠಣ್. ಠಣ್.
ಅಸರಿನ ಬಾಂಗು. ಖಲ್ಫಾನ್ ಎದ್ದು ಹೋಗಿ, ನಮಾಜು ಮುಗಿಸಿ ಬಂದ.
ಠಣ್.
ದಬ್.

ಆ ಒಂದು ದಬ್ಬಿಗೆ ಇಬ್ಬರೂ ಸುತ್ತಿಗೆ ಇಳಿಸಿ
ಮುಖ ಮುಖ ನೋಡಿಕೊಂಡೆವು,
ಬಾಗಿಲ ಹಿಂದೆ ಯಾರೋ ಚಿಲಕ ಮುಟ್ಟಿದ ಹಾಗೆ.
ಇನ್ನು ಹತ್ತು ಏಟಿಗೆ ನೆಲದ ಮೇಲಿತ್ತು.

ಆರಿದ ಮೇಲೆ ಡೀಸೆಲ್ಲಿನಲ್ಲಿ ತೊಳೆದೆ.
ನಡುಮೈಯೆಲ್ಲ ಇಟ್ಟಂಗಿಪುಡಿ, ಗ್ರೀಸಿನ ವಾಸನೆಯೂ ಇಲ್ಲ.
ಕಾಟರ್ ಕೂರುವ ಕಚ್ಚಿನ ಪಕ್ಕ
ಸೆಂಟರ್ ಪಂಚಿನ ಮೂರು ಚುಕ್ಕಿ:
ಎರಡು ಹತ್ತಿರ, ಒಂದು ದೂರ.

ಹಾಗೆ ಗುರುತು ಹೊಡೆಯುವವನು ಈ ಸೂರಿನಲ್ಲಿ ಒಬ್ಬನೇ.

ಹನ್ನೆರಡು ವರ್ಷದ ಹಿಂದೆ, ಹಳೇ ಶೆಡ್ಡಿನಲ್ಲಿ.
ಗಾಡಿಗೆ ಆಗ ನೀಲಿ ಬಣ್ಣ, ತಂದು ಬಿಟ್ಟವನು ಯಾರೋ ಡ್ರೈವರು.
ಗುರುವಾರ ಸಂಜೆ. ಭಾನುವಾರ ನನ್ನ ನಿಕಾಹು, ವಿಮಾನ ಆ ರಾತ್ರಿಯೇ,
ಮಸ್ಕತ್ತಿನ ಟ್ಯಾಕ್ಸಿ ಹೊರಗೆ ಹಾರನ್ನು ಹೊಡೆಯುತ್ತಿತ್ತು.
ನಿಪ್ಪಲ್ ಮುರಿಯಿತು. ಅಂಗಡಿ ಮುಚ್ಚಿತ್ತು. ಕೈಗೆ ಸಿಕ್ಕ ಬೋಲ್ಟು.
ಗ್ರೀಸಿನ ಡಬ್ಬಿ ಕೆರೆದರೆ ತಗಡಿನ ಸದ್ದು.
ಒಣದನ್ನೇ ಬಡಿದು ಕೂರಿಸಿ, ಕೈ ತೊಳೆದು,
ತಿರುಗಿ ಬಂದಮೇಲೆ ನೋಡಿದರಾಯಿತು ಅಂದುಕೊಂಡೆ.

ಖಲ್ಫಾನನ ಭುಜ ನೋಡಿದೆ.

ರುಹುಲ್ ಇನ್ನೂ ಬೈಯುತ್ತಲೇ ಇದ್ದ.
ತಡೆಯಲಿಲ್ಲ. ಅವನಿಗೆ ಗೊತ್ತಿರದ ಎರಡು ಶಬ್ದ
ನಾನೇ ಹೇಳಿಕೊಟ್ಟೆ.

ಹೊಸ ಪಿನ್ನು, ಹೊಸ ಬುಶ್ಶು, ಹೊಸ ನಿಪ್ಪಲ್.
ಅಂಚಿನಿಂದ ಉಕ್ಕಿ ಬರುವತನಕ ಗ್ರೀಸು.
ಬಿಲ್ಲಿನಲ್ಲಿ ಬಲಗಡೆಯ ಕೂಲಿ ಬರೆಯಲಿಲ್ಲ.
ಲೆಕ್ಕ ತಪ್ಪಿದೆ ಎಂದು ಖಲ್ಫಾನ್ ಬೆರಳು ಮಡಚಿ ಎರಡು ಸಲ ಎಣಿಸಿದ,
ಹತ್ತಿ ಕೂತು ಸ್ಟೀರಿಂಗು ಒಂದೇ ಕೈಯಲ್ಲಿ ಬಲಕ್ಕೆ ತಿರುಗಿಸಿ ನೋಡಿದ,
ಇಳಿದು ಬಂದು
ಇನ್ನೊಮ್ಮೆ ಎಣಿಸಿದ.