ದನಿ ಕಿತ್ತ ಟೀವಿ

ಉಮದಿಯ ಬಸ್‌ಸ್ಟ್ಯಾಂಡಿನ ಎದುರಿಗೆ
ಗುರುಪಾದ ಹಡಪದನ ಕಟಿಂಗ್ ಅಂಗಡಿ.
ಎರಡು ಕುರ್ಚಿ, ಒಂದರ ಕಾಲಿಗೆ ಇಟ್ಟಂಗಿ ತುಂಡು,
ಕನ್ನಡಿ ಮ್ಯಾಲ, ಮೂಲ್ಯಾಗ, ಟೀವಿ.
ಬೋರ್ಡು ಮರಾಠಿ, ಬೈಗಳ ಕನ್ನಡ.

ಮೂರು ರಾತ್ರಿ ನಿದ್ದಿ ಇರಲಿಲ್ಲ ನನಗ.
ಫೋನು ಎದಿಮ್ಯಾಲ ಇಟ್ಟುಕೊಂಡು
ಬೆರಳಿಂದ ಸುದ್ದಿ ಜಗ್ಗಿದ್ದೇ ಜಗ್ಗಿದ್ದು,
ತಳ ಕಾಣದ ಬಾವ್ಯಾಗ ಹಗ್ಗ ಬಿಟ್ಟಂಗ:
ಎಷ್ಟು ಎಳೆದರೂ ಕೊಡ ಮ್ಯಾಲ ಬರವೊಲ್ಲದು.
ಗಡ್ಡ ಬೆಳೆದಿತ್ತು. ಹೋಗಿ ಕೂತೆ.

ಟೀವ್ಯಾಗ ಟೈ ಕಟ್ಟಿದಾಂವ ಒಬ್ಬ
ಮೇಜು ಗುದ್ದಿ ಗುದ್ದಿ ಒದರತಿದ್ದ.
ಅವನ ಕೆಳಗ ಕೆಂಪು ಪಟ್ಟಿ ಓಡತಿತ್ತು
ಹಿಂದಿಂದ ಯಾರೋ ಬೆನ್ನು ಹತ್ತಿದಂಗ.
ಗುರುಪಾದ ನನ್ನ ಮಾರಿ ನೋಡಿದ, ಟೀವಿ ನೋಡಿದ,
ರಿಮೋಟು ಎತ್ತಿ ದನಿ ಕಿತ್ತ.
ಆಮ್ಯಾಲ ಗಂಟಲ ಸರಿಮಾಡಿಕೊಂಡು
ಆ ಟೈದಂವನ ತುಟಿಗೆ ತನ್ನ ಮಾತು ಹೊಂದಿಸಿದ:

"ಈಗಷ್ಟ ಬಂದ ಸುದ್ದಿ!
ಧರೆಪ್ಪನ ಎಮ್ಮಿ ನಿನ್ನಿ ರಾತ್ರಿ ಕರಾ ಹಾಕೈತಿ,
ತಾಯಿ ಮಗಳು ಆರಾಮ,
ಧರೆಪ್ಪ ಇನ್ನಾ ನಡಗಾಕತ್ತಾನ!"

ಬಾಕಿನ ಮ್ಯಾಲಿಂದ ಬಾಬಾಲಾಲ್ ಮುಲ್ಲಾ
ಪರದೆಯ ಬಲಗಡಿ ಕೂತಾಕಿಯ ಪಾಲು ತಗೊಂಡ,
ದನಿ ಸಣ್ಣ ಮಾಡಿ, ಸಿಟ್ಟಿಲೆ:
"ಸರ್, ಇದಕ್ಕ ಹೊಣಿ ಯಾರು?
ಗಿಣ್ಣ ನಮ್ಮನಿತನಕ ಯಾಕ ಬರಲಿಲ್ಲ?"

ನಗು ಬಂತು. ಹೌದು, ಬಂತು.
"ಅಲುಗಬ್ಯಾಡ್ರಿ ಮಾಸ್ತರ, ಗದ್ದ ಕೊಯ್ದೀತು."

ಹವಾಮಾನದ ಹುಡುಗಿ ನಕಾಶದ ಮುಂದ ಕೈ ತಿರುವಿದಾಗ
ಸರದಿಗೆ ಕಾದಿದ್ದ ಸಣ್ಣ ಹುಡುಗ ಎದ್ದು ನಿಂತ:
"ಇಲ್ಲಿಂದ ಇಲ್ಲಿತನಕ ನಮ್ಮ ಹೊಲ,
ಇದು ನಮ್ಮ ಚಿಗವ್ವನ ಮನಿ,
ಈ ಓಣ್ಯಾಗ ನಾಯಿ ಐತಿ, ಹೋಗಬ್ಯಾಡ್ರಿ."

ಆಮ್ಯಾಲ ಆ ಚಿತ್ರ ಬಂತು.
ಎಲ್ಲಿಯದೋ. ಕುಸಿದ ಗ್ವಾಡಿ,
ಧೂಳಿನಾಗ ಒಂದು ಸಣ್ಣ ಕಾಲಮರಿ. ಒಂದೇ.
ಯಾರೂ ದನಿ ಕೊಡಲಿಲ್ಲ.
ಗುರುಪಾದನ ಕತ್ತಿ ನನ್ನ ಗಲ್ಲದ ಮ್ಯಾಲ ನಿಂತಿತು,
ಅದರ ತಂಪು ನನಗ ಗೊತ್ತಾಗತಿತ್ತು.
ಬಾಬಾಲಾಲನ ತುಟಿ ಏನೋ ಅಂದವು, ಕೇಳಲಿಲ್ಲ.
ಹುಡುಗ ತನ್ನ ಕಾಲು ಬಾಕಿನ ಕೆಳಗ ಎಳಕೊಂಡ.

ಚಾನೆಲ್ ಬದಲಿ ಮಾಡಲಿಲ್ಲ ಗುರುಪಾದ.
ಅದು ಹೋಗೂತನಕ ನಿಂತ.
ಇನ್ನೊಂದು ಗಲ್ಲದ ನೊರಿ ಒಣಗಿ ಬಿಗೀತು.
ಆಮ್ಯಾಲ ಬಟ್ಟಲಿಗೆ ಮತ್ತ ನೀರು ಹಾಕಿ ಬ್ರಶ್ಶು ತಿರುವಿದ,
"ಅರ್ಧಾ ಬೋಳಿಸಿ ಕಳಸಾಕ ಬರೂದಿಲ್ರಿ" ಅಂದ,
ಯಾರಿಗೋ ಕ್ಷಮಾ ಕೇಳಿದಂಗ.

ಜಾಹೀರಾತಿನಾಗ ಒಬ್ಬಾಕಿ ಬಿಳಿ ಅಂಗಿ ಝಾಡಿಸಿದಳು.
ಯಾರಾದರೂ ಏನಾರ ಅಂದಾರಂತ ಕಾದೆ.
ಕಡೀಕ ನಾನೇ ಅಂದೆ, ನೊರಿ ತಾಗಿದ ತುಟೀಲೆ:
"ಧರೆಪ್ಪಾ, ತಗೊ ನಿನ್ನ ಅಂಗಿ,
ಎಮ್ಮಿ ನೆಕ್ಕಿ ನೆಕ್ಕಿ ಇಷ್ಟು ಬೆಳ್ಳಗ ಮಾಡೈತಿ."

ಅಂಥಾ ಚೊಲೋ ಜೋಕೇನಲ್ಲ.
ಬಾಬಾಲಾಲ್ ಅಂತೂ ತಲಿ ಅಲ್ಲಾಡಿಸಿದ.
ಹುಡುಗ ನಕ್ಕ.
ಅವನ ಕಾಲು ಬಾಕಿನ ಕೆಳಗಿಂದ ಹೊರಗ ಬಂದವು,
ಒಂದು, ಆಮ್ಯಾಲ ಇನ್ನೊಂದು.