ಎಲ್ಲಿಗಿ ಬಂದಿತ್ತು?

ನಿದ್ದಿ ಬರಲಿ ಅಂತ ಕಥಿ ಹೇಳ್ತಾರ ಊರೆಲ್ಲ.
ನಮ್ಮಪ್ಪಗ ನಿದ್ದಿ ಬರಬಾರದಂತ
ಓದ್ತಿದ್ಳು ನಮ್ಮವ್ವ.

ಭಾಲ್ಕಿ ದಾಟಿ, ಕಬ್ಬಿನ ಹೊಲದ ನಡುವ
ರೈಲಿನ ಫಾಟಕ, ಅದರ ಮಗ್ಗಲಿಗೊಂದು ಕೋಣಿ:
ಎಂಟು ಹೆಜ್ಜಿ ಉದ್ದ, ಆರು ಅಗಲ.
ಹಿಡಿಕಿ ತಿರುವಿದ್ರ ಗರ್ ಅನ್ನೋ ಫೋನು,
ಎರಡು ಬಾವುಟ, ಕೆಂಪು ಹಸಿರು ಕಂದೀಲು,
ಗ್ವಾಡಿ ಮ್ಯಾಲ ಗಾಡಿಗಳ ಹೊತ್ತಿನ ಪಟ್ಟಿ.
ಅದನ್ನೂ ಓದಬಹುದಿತ್ತು, ಖರೆ.
ಆದ್ರ ಅದರಾಗ ಯಾರೂ ಲಗ್ನ ಆಗೂದಿಲ್ಲ,
ಯಾರೂ ಊರು ಬಿಟ್ಟು ಓಡಿಹೋಗೂದಿಲ್ಲ.

ಎಳ್ಳಮಾಸಿ ಹತ್ರ ಬಂತಂದ್ರ
ಥಂಡಿ ಮ್ಯಾಲಿಂದ ಬೀಳೂದಿಲ್ಲ ನಮ್ಮ ಕಡಿ,
ನೆಲದಿಂದ ಏಳ್ತದ.
ಹಳಿ ಮುಟ್ಟಿದ್ರ ಬೆರಳು ಸುಟ್ಟಂಗ ಆಗ್ತದ.
ಇಂಥದೊಂದು ರಾತ್ರಿ, ನಾ ಹುಟ್ಟೂಕಿನ ಮೊದಲು,
ಅಪ್ಪನ ಕಣ್ಣು ಮುಚ್ಚಿತ್ತಂತ.
ಎಷ್ಟು ಹೊತ್ತು ಅಂತ ಅವ ಹೇಳಲಿಲ್ಲ,
ಅವ್ವ ಕೇಳಲಿಲ್ಲ.
ಮರುದಿನ ರೊಟ್ಟಿ ಗಂಟಿನಾಗ
ಖಾರಬ್ಯಾಳಿ ಡಬ್ಬಿ ಜೋಡಿ ಒಂದು ಪುಸ್ತಕ ಇತ್ತು.

ಏಳನೇತ್ತ ಪಾಸು, ಸುಗಲಾಬಾಯಿ.
ಒತ್ತಕ್ಷರ ಬಂದ್ರ ಬಂಡಿ ಗಾಲಿ ಕಲ್ಲು ಹತ್ತಿದಂಗ
ಹತ್ತಿ, ತುಸು ನಿಂತು, ದಡಕ್ ಅಂತ ಇಳೀತಿದ್ಳು.
ನಾವು ಮೂರೂ ಮಂದಿ ಒಂದೇ ಕೌದ್ಯಾಗ,
ಆರು ಮೊಣಕಾಲು.
ದಶರಥನ ಕೈಯಾಗ ಸುಟ್ಟ ಸುಲಗಾಯಿ,
ಚಂಪಕ್ಕನ ಬಾಯಾಗ ಬರೇ "ಶ್".
ಎಣ್ಣಿ ಡಬ್ಬಿ ಕೊರೆದು ಮಾಡಿದ ಒಲಿಯೊಳಗ
ತೊಗರಿ ಕಟಗಿ ಚಟಚಟ.
ಹೊಗಿ ಪುಟದ ಮ್ಯಾಲ ಕೂತು, ಓದಿ, ಎದ್ದು ಹೋಗ್ತಿತ್ತು.
ಲೈಬ್ರರಿ ಕಾಶಪ್ಪ ಪುಸ್ತಕ ವಾಪಸ್ ತಗೋವಾಗ
ಹೆಸರು ನೋಡ್ತಿರಲಿಲ್ಲ, ಮೂಸ್ತಿದ್ದ:
"ಇದು ಫಾಟಕದವರದು."

ನಡುಗಥಿಯಾಗ ಫೋನು.
ಅಪ್ಪ ನಂಬರು ಬರಕೊಂಡು, ತಿರುಗಿ ಒಮ್ಮೆ ಹೇಳಿ,
ಫಾಟಕ ಇಳಿಸಿ, ಕಂದೀಲು ಹಿಡಕೊಂಡು ಹೊರಗ ನಿಲ್ತಿದ್ದ.
ಅವ್ವ ಅಕ್ಷರದ ಮ್ಯಾಲ ಬೆರಳಿಟ್ಟು ಕೂಡ್ತಿದ್ಳು.
ಅವ ಬರೋತನ ಮುಂದಿನ ಅಕ್ಷರ ಇಲ್ಲ,
ಅದು ರೈಲ್ವೆಕಿಂತ ದೊಡ್ಡ ಕಾಯ್ದೆ.
ಗಾಡಿ ಹೋಗುವಾಗ ಪುಟ ನಡುಗ್ತಿತ್ತು,
ಬೆರಳು ನಡುಗ್ತಿರಲಿಲ್ಲ.
ಆಮ್ಯಾಲ ಬಾಗಿಲು ತೆಗದು, ಹೊರಗಿನ ಥಂಡಿ ಅಷ್ಟೂ ಹೊತ್ತು ತಂದು,
"ಎಲ್ಲಿಗಿ ಬಂದಿತ್ತು?"

ಆ ವರ್ಷದ ಪುಸ್ತಕದಾಗ ಒಬ್ಬಾಕಿ
ನಡುರಾತ್ರಿ ಬಾವಿಗಿ ಇಳೀತಾಳ. ಕೈಯಾಗ ದೀಪ ಇಲ್ಲ.
ಯಾಕ ಇಳೀತಾಳ ಅಂತ ಅಷ್ಟೊತ್ತಿಗಿ ನಮಗ ಗೊತ್ತು,
ಆಕಿಗಿ ಪೂರಾ ಗೊತ್ತಿಲ್ಲ.
"ಆರನೇ ಮೆಟ್ಟಿಲ ಮೇಲೆ ಅವಳ ಕಾಲಿಗೆ"

ಫೋನು.

ಮಾಲಗಾಡಿ. ಐವತ್ತೆಂಟು ಡಬ್ಬಿ ಅಂದ ದಶರಥ
(ಯಾವಾಗಲೂ ಎರಡು ಹೆಚ್ಚಿಗಿ ಹೇಳ್ತಿದ್ದ).
ಫಾಟಕದ ಆಚಿ ಕಬ್ಬಿನ ಟ್ರ್ಯಾಕ್ಟರು,
ಹಿಂದ ಕಾರ್ಖಾನಿ ಪಾಳಿ ಮುಗಿಸಿದ ಒಂದು ಸೈಕಲ್ಲು.
ಟ್ರ್ಯಾಕ್ಟರಿನ ಪಂಢರಿ, ಮಫ್ಲರಿನಾಗ ಬರೇ ಕಣ್ಣಾಗಿದ್ದ ಮೌಲಾನಸಾಬ,
ಇಬ್ಬರೂ ಇಳಿದು ಬಂದು ಕಿಟಕ್ಯಾಗ ಕೈ ಚಾಚಿದ್ರು
ನಮ್ಮ ಬೆಂಕಿಗಿ.

ಗಾಡಿ ಹೋಯ್ತು. ಫಾಟಕ ಏರಿತು.
ಅಪ್ಪ ಒಳಗ ಬಂದ. ಆರನೇ ಮೆಟ್ಟಿಲಿಂದ ಅವ್ವ ಸುರು ಮಾಡಿದ್ಳು.
ಕಿಟಕ್ಯಾಗ ನಾಲ್ಕು ಕೈ ಹಂಗೇ ಇದ್ವು.
"ಫಾಟಕ ತೆಗ್ದದ, ಹೋಗ್ರಿ" ಅಂದ ಅಪ್ಪ.
"ತಡಿ ಮಾಮಾ," ಅಂದ ಪಂಢರಿ,
"ಆಕಿ ಮ್ಯಾಲ ಬರ್ಲಿ."

ಅವ್ವ ಸೆರಗು ಎಳಕೊಂಡು ದನಿ ಇಳಿಸಿದ್ಳು.
"ತುಸು ಜೋರ, ಬಾಯಿ" ಅಂತು ಮಫ್ಲರು.
ಎಡವಿದ್ರ ಎಡವಲಿ ಅಂತ ಓದಿದ್ಳು ಆಗ,
ಗಂಡನ್ನ ಎಬ್ಬಿಸೂದಕ್ಕಲ್ಲ,
ಇಂಜಿನ್ ಸದ್ದಿನ ಮ್ಯಾಲ ಕೇಳಿಸೂದಕ್ಕ.
ಡೀಸೆಲ್ ಸುಮ್ಮನ ಉರೀತಿತ್ತು ರಸ್ತೆದಾಗ.
ಬಾವಿಂದ ಆಕಿ ಮ್ಯಾಲ ಬಂದಿದ್ದು ಹನ್ನೊಂದು ಪುಟದ ಮ್ಯಾಲ.
ಪಂಢರಿ ಉಸಿರು ಬಿಟ್ಟ, ಕಿಟಕ್ಯಾಗ ಮಂಜಾಯ್ತು.
ಹೋಗುವಾಗ ಎರಡು ಕಬ್ಬು ಎಳದು ಬಾಗಿಲಿಗಿ ಆನಿಸಿ ಹೋದ,
ಕಥಿ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸುಮ್ಮನ ಕಣ್ಣಿಲೇ ಓದೂದು ನಾ ಕಲ್ತಿದ್ದು ಭಾಳ ತಡ.
ಈಗೂ ರಾತ್ರಿ ಹನ್ನೊಂದು ನಲವತ್ತಕ್ಕ
ವಾಕ್ಯದ ನಡುವ ಬೆರಳು ತಾನೇ ನಿಲ್ತದ,
ಹೋಗೂದು ಹೋಗಲಿ ಅಂತ.

ಆ ಮೆಟ್ಟಿಲ ಮ್ಯಾಲ ಕಾಲಿಗಿ ಹತ್ತಿದ್ದೇನು?
ಹಗ್ಗ ಅಂತೀನಿ ನಾ. ಹಾವು ಅಂತಾನ ದಶರಥ.
ಏನೂ ಇರಲಿಲ್ಲ, ನೀರು, ಅಂತಾಳ ಚಂಪಕ್ಕ.
ಅವ್ವ ನಗ್ತಾಳ, ಯಾರ ಕಡೀನೂ ಹೇಳೂದಿಲ್ಲ.
ಅಪ್ಪಗ ಮಾತ್ರ ಸಂಶಯ ಇಲ್ಲ:
"ಮಾಲಗಾಡಿ. ಹನ್ನೆರಡು ಮಿನಿಟು ಲೇಟು."