ಬೀಗದ ಕೈ ಕೊಡುವಾಗ

ಹುಷಾರು ತಸ್ಲೀಮಾ, ಅಲ್ಲಿ ಪಾಚಿ ಐತಿ.
ಇಪ್ಪತ್ತು ದಿನ ನಾನಿರಂಗಿಲ್ಲ.
ಹುಬ್ಬಳ್ಳಿಯಾಗೆ ಮೊಣಕಾಲು ಬದಲಿಸ್ತಾರಂತೆ,
ನಲ್ಲಿಗೆ ವಾಷರ್ ಬದಲಿಸಿದಂಗೆ.
ಅಲ್ಲಿ ತನಕ ಈ ಮನೆ ನೀರು ನಿನ್ನ ಕೈಯಾಗೆ.

ಮೊದಲು ಸಂಪು.
ಮುಚ್ಚಳದ ಕೊಂಡಿ ಬಿಸಿಲಿಗೆ ಕಾದಿರ್ತತಿ,
ಬಟ್ಟೆ ಹಿಡ್ಕೊಂಡು ಎತ್ತು.
ಮೂಲೆಯಾಗೆ ಬಿದಿರು ಗಳ, ಅದರ ಮೈಮ್ಯಾಲೆ ಮೂರು ಗೀರು.
ಮೇಲಿನ ಗೀರು ಒದ್ದೆಯಾದ್ರೆ ಮದುವೆ ಮನೆ,
ನಡುವಿನದಾದ್ರೆ ಬಟ್ಟೆ ಒಗಿ,
ಕೆಳಗಿನದೂ ಒಣಗಿತ್ತಂದ್ರೆ ಮೋಟಾರು ಮುಟ್ಟಬೇಡ.
ಬರೀ ಗಾಳಿ ಕುಡಿದು ಸುಟ್ಟುಹೋಗ್ತತಿ.
ಹೋದ ಯುಗಾದಿಗೆ ಹಂಗೇ ಆತು.
ದಾದಾಪೀರ್ ತಾಮ್ರದ ತಂತಿ ಸುತ್ತಿಕೊಡೋಕೆ
ಎಂಟು ದಿನ,
ಎರಡು ಸಾವಿರದ ಮುನ್ನೂರು.

ಕಾರ್ಪೊರೇಷನ್ ನೀರು ಐದು ದಿನಕ್ಕೊಮ್ಮೆ.
ಕುಂದವಾಡ ಕೆರೆ ತುಂಬಿ ತುಳುಕಿದ್ರೂ
ನಿಟ್ಟುವಳ್ಳಿಗೆ ಐದೇ ದಿನಕ್ಕೊಮ್ಮೆ.
ಎಷ್ಟೊತ್ತಿಗೆ ಅಂತ ಕೇಳಬೇಡ,
ನೀರುಗಂಟಿ ಕೊಟ್ರೇಶಿಗೂ ಗೊತ್ತಿಲ್ಲ.
ನಲ್ಲಿ ಮೊದಲು ಕೆಮ್ತತಿ, ಆಮೇಲೆ ಉಗುಳ್ತತಿ.
ಮೊದಲೆರಡು ಕೊಡ ಕೆಂಪಗೆ, ನುಗ್ಗೆ ಗಿಡಕ್ಕೆ ಬಿಡು.
ತಿಳಿಯಾದ ಮೇಲೆ ಬಟ್ಟೆ ಕಟ್ಟಿ ಸಂಪಿಗೆ ತಿರುಗಿಸು.
ಆ ಬಟ್ಟೆ ನಮ್ಮನೆಯವರ ಪಂಚೆ ತುಂಡು.
ಹರಿದ್ರೆ ಹರೀಲಿ,
ಟ್ರಂಕಿನಾಗೆ ಇನ್ನೂ ಅರ್ಧ ಪಂಚೆ ಐತಿ.

ಗೋಡೆಗೆ ಎರಡು ಚಕ್ರ ನೋಡು:
ಕೆಂಪಂದು ಬೋರು, ನೀಲಿದು ಸಿಹಿ.
ಎರಡೂ ಒಟ್ಟಿಗೆ ತಿರುವಿದ್ಯೋ,
ಮೂರು ದಿನ ಬೇಳೆ ಬೇಯಂಗಿಲ್ಲ.

ಒಮ್ಮೊಮ್ಮೆ ಏರ್ ಹಿಡೀತತಿ. ಹೆದರಬೇಡ.
ನೀರೆತ್ತೋ ಮೋಟಾರು ಗುಂಯ್ ಅಂತತಿ,
ಗಾಳಿ ನುಂಗಿದ್ದು ಹಲ್ಲು ಕಡೀತತಿ,
ನಾಲ್ಕು ದಿನಕ್ಕೆ ನಿನ್ನ ಕಿವಿಗೇ ಗೊತ್ತಾಗ್ತತಿ.
ಆಫ್ ಮಾಡು. ತಲೆ ಮ್ಯಾಲಿನ ನಟ್ ಬಿಚ್ಚು,
ಪಾನಾ ಕಿಟಕಿಯಾಗೆ ಐತಿ.
ಚೊಂಬಿನಿಂದ ನಿಧಾನ ಹೊಯ್ಯಿ,
ಗುಳ್ಳೆ ಏಳೋದು ನಿಲ್ಲೋ ತನಕ.
ಆತುರ ಮಾಡಿದ್ರೆ ಅದು ಕೇಳಂಗಿಲ್ಲ.
ನೀರು ಕೊಡು ಅನ್ನೋ ಮೊದಲು
ಅದಕ್ಕೊಂದು ಚೊಂಬು ನೀರು ಕೊಡಬೇಕು,
ಯಾವ ಪುಣ್ಯಾತ್ಮ ಮಾಡಿದ ಲೆಕ್ಕವೋ.

ಇನ್ನು ಟ್ಯಾಂಕು.
ಬಾಲ್‌ಕಾಕ್ ಮುರಿದು ಏಳು ವರ್ಷ ಆತು.
ನೂರೈವತ್ತು ರೂಪಾಯಿ ಸಾಮಾನು,
ದಾದಾಪೀರ್ ಬಂದಾಗೆಲ್ಲ ಹೇಳ್ತಾನೆ.
ಹಾಕಿಸಿಲ್ಲ.
ತುಂಬಿದ್ದು ನಮಗೆ ಕಾಣಂಗಿಲ್ಲ,
ಹೆಚ್ಚಾದದ್ದು ಆ ಕಡೆ ಬೀಳ್ತತಿ,
ಪಕ್ಕದ ಮನೆ ಹಾಲಮ್ಮನ ತಗಡಿನ ಮ್ಯಾಲೆ.

ನನಗೂ ಹಾಲಮ್ಮಗೂ ಮಾತಿಲ್ಲ.
ಒಂದೂವರೆ ಗೇಣು ಗೋಡೆ, ಒಂದು ಕೇಸು,
ಅವಳು ಅಂದದ್ದು, ನಾನು ಅಂದದ್ದು. ಬಿಡು.
ಆದ್ರೆ ತಗಡಿನ ಮ್ಯಾಲೆ ನೀರು ಬಿದ್ದ ಗಳಿಗೆಗೆ
ತಾಟು ಬಡೀತಾಳೆ, ಸೌಟಿನಾಗೆ, ಮೂರು ಸಲ.
ಹೆಸರು ಹಿಡಿದು ಕರೆಯಂಗಿಲ್ಲ.
ನಾನು ಆಫ್ ಮಾಡ್ತೀನಿ.
ಅಷ್ಟೇ.

ಅವಳ ಟ್ಯಾಂಕು ನನ್ನ ಅಡಿಗೆಮನೆ ಕಿಟಕಿಗೆ ಕಾಣ್ತತಿ.
ಅದು ತುಂಬಿದ್ರೆ ನೀನು ಬಡೀಬೇಕು.
ಅಂಚು ನೆಗ್ಗಿದ ತಾಟು ಗೂಟಕ್ಕೈತಲ್ಲ, ಅದಕ್ಕೇ ಇಟ್ಟಿದ್ದು,
ಯಾರಿಗೂ ಅದರಾಗೆ ಅನ್ನ ಹಾಕಬೇಡ.

ಇನ್ನೊಂದು ಮಾತು.
ನೀರು ಸುರಿಯೋ ಸದ್ದು ಕೇಳ್ತಾ ಐತಿ,
ತಾಟಿನ ಸದ್ದು ಮಾತ್ರ ಬರಲಿಲ್ಲ ಅಂದ್ರೆ
ಮೊದಲು ಮೋಟಾರು ನಿಲ್ಸು,
ಆಮೇಲೆ ಅವರ ಗೇಟು ತೆಗೆದು ಹೋಗು, ಕದ ಬಡಿ.
ಅವಳಿಗೆ ಸಕ್ಕರೆ ಕಾಯಿಲೆ,
ಹಗಲೊತ್ತು ಮಗ ಮಂಡಕ್ಕಿ ಭಟ್ಟಿಗೆ ಹೋಗಿರ್ತಾನೆ.
ನಾನು ಕಳಿಸಿದೆ ಅಂತ ಹೇಳಬೇಡ.
ಒಂದು ಬಿಂದಿಗೆ ಹಿಡ್ಕೊಂಡು ಹೋಗು,
ಸಿಹಿನೀರು ಕೇಳೋಕೆ ಬಂದೆ ಅನ್ನು.

ತಗೋ, ಇದು ಗೇಟಿನದು, ಇದು ಸಂಪಿನದು.
ಹಾಂ, ಸ್ವಿಚ್ಚಿನಾಗೆ ಇರುವೆ ಸೇರ್ಕೊಂತಾವೆ,
ಹಾಕೋ ಮೊದಲು ಒಂದ್ಸಲ ಊದು.
ಕೈ ಒಣಗಿರ್ಲಿ.